ಎಡ ತಿರುವಿನ ಸೀಸೆ

ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೊಂದು ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಇನ್ನಾರನ್ನೋ ಕರೆಯುತ್ತಿದ್ದಾರೆಂದು ಅವಳು ಸುಮ್ಮನಿದ್ದುಬಿಡುತ್ತಿದ್ದಳು. ಹತ್ತೊಂಬತ್ತು ವರ್ಷಗಳಿಂದ ಗಾಜು ಉಜ್ಜುವುದೇ ಅವಳ ಕೆಲಸ. ಹಾಗಾಗಿ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರ ಬಾಯಲ್ಲೂ ಅವಳು ಉಜ್ಜಕ್ಕ.

ಉಜ್ಜುವುದೆಂದರೆ ಪಾತ್ರೆ ಉಜ್ಜಿದ ಹಾಗಲ್ಲ. ತೂಕದ ಯಂತ್ರ, ಜ್ವರದ ಮಾಪಕ, ರಕ್ತದೊತ್ತಡ ನೋಡುವ ಪೆಟ್ಟಿಗೆ, ಇವುಗಳ ಮೇಲೆ ಕಪ್ಪಗೆ ಅಂಕಿ ಮೂಡುವ ಪುಟ್ಟ ಗಾಜಿನ ಕಿಟಕಿ ಇರುತ್ತದಲ್ಲ, ಆ ಕಾರ್ಖಾನೆ ತಯಾರಿಸುತ್ತಿದ್ದುದು ಅದನ್ನು. ಎರಡು ತೆಳು ಗಾಜು, ನಡುವೆ ಕೂದಲೆಳೆಯ ಹತ್ತನೇ ಒಂದು ಭಾಗದಷ್ಟು ಸಂದು, ಆ ಸಂದಿನಲ್ಲಿ ದ್ರವ ಸ್ಫಟಿಕ. ನೀರಿನಂತೆ ಹರಿಯುತ್ತದೆ, ಆದರೂ ಅದರೊಳಗಿನ ಕಡ್ಡಿಯಂಥ ಅಣುಗಳು ಹರಳಿನಲ್ಲಿರುವಂತೆ ಒಂದೇ ದಿಕ್ಕಿಗೆ ಸಾಲಾಗಿ ಮಲಗುತ್ತವೆ. ಯಾವ ದಿಕ್ಕಿಗೆ ಮಲಗಬೇಕೆಂದು ಅವಕ್ಕೆ ಹೇಳಿಕೊಡುವವಳು ಉಜ್ಜಕ್ಕ. ವೆಲ್ವೆಟ್ ಬಟ್ಟೆ ಸುತ್ತಿದ ಉರುಳೆಯ ಕೆಳಗೆ ಅವಳು ಗಾಜನ್ನು ಸಾಗಿಸುತ್ತಿದ್ದಳು. ಬಟ್ಟೆ ಸವರಿಕೊಂಡು ಹೋದ ದಿಕ್ಕಿನಲ್ಲೇ ಅಣುಗಳು ಮಲಗುತ್ತಿದ್ದವು. ಕೆಳಗಿನ ಗಾಜಿಗೆ ಒಂದು ದಿಕ್ಕು, ಮೇಲಿನ ಗಾಜಿಗೆ ಅದಕ್ಕೆ ಅಡ್ಡ ದಿಕ್ಕು. ನಡುವಿನ ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ತುಸು ತುಸುವೇ ಹೊರಳಿಕೊಳ್ಳುತ್ತ ಕೆಳಗಿನಿಂದ ಮೇಲಕ್ಕೆ ಕಾಲು ಸುತ್ತು ತಿರುಗಿರುತ್ತಿದ್ದವು. ಕರೆಂಟು ತಗುಲಿದ ಕಡೆ ಆ ಮೆಟ್ಟಿಲು ಬಿಚ್ಚಿಕೊಂಡು ಅಣುಗಳು ಎದ್ದು ನಿಲ್ಲುತ್ತವೆ, ಅಲ್ಲಿ ಅಂಕಿ ಕಪ್ಪಾಗುತ್ತದೆ. ಇಷ್ಟನ್ನು ಉಜ್ಜಕ್ಕ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ವರ್ಷಗಟ್ಟಲೆ ಅದೇ ಮಾತು ಕಿವಿಗೆ ಬಿದ್ದು ಬಿದ್ದು ಕೈಗೂ ಗೊತ್ತಾಗಿಹೋಗಿತ್ತು.

ಒಂದು ಮಂಗಳವಾರ ತೂಕದ ಯಂತ್ರದ ಕಂಪನಿಯಿಂದ ಮೂರು ರಟ್ಟಿನ ಪೆಟ್ಟಿಗೆಗಳು ವಾಪಸು ಬಂದವು. ಹಸುಗೂಸುಗಳನ್ನು ತೂಗುವ ಯಂತ್ರಗಳಿಗೆಂದು ಕಳಿಸಿದ್ದ ಅಂಕಿಯ ಕಿಟಕಿಗಳು ಅವು, ಮುನ್ನೂರ ನಲವತ್ತು. ಜೊತೆಗಿದ್ದ ಪತ್ರದಲ್ಲಿ ಹೀಗಿತ್ತು: ಹತ್ತು ಹದಿನೈದು ದಿನ ಬಳಸಿದ ಮೇಲೆ ಅಂಕಿಗಳಲ್ಲಿ ಮೋಡದಂಥ ತೇಪೆ ಕಾಣುತ್ತಿದೆ. ನೆಟ್ಟಗೆ ನೋಡಿದರೆ ಸರಿಯಾಗಿಯೇ ಇದೆ. ಆದರೆ ನಿಂತಲ್ಲಿಂದ ಓರೆಯಾಗಿ ನೋಡಿದರೆ ಎಂಟರ ಎಡಭಾಗ ಮಾಸಿ ಮೂರರಂತೆ ಕಾಣುತ್ತದೆ. ಹೆರಿಗೆ ವಾರ್ಡಿನ ನರ್ಸುಗಳು ತೂಕ ತಪ್ಪು ಬರೆದುಕೊಂಡಿದ್ದಾರೆ. ಹತ್ತು ದಿನದೊಳಗೆ ಸರಿಯಾದ ಮಾಲು ಬಾರದಿದ್ದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ.

ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿ, ಕೈಯಲ್ಲಿದ್ದ ಪೆನ್ನಿನ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತುತ್ತ ಸೀದಾ ಉಜ್ಜುವ ಕೋಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ತೇಪೆ ಎಂದರೆ ಉಜ್ಜುವುದರಲ್ಲಿ ಎಡವಟ್ಟು ಎಂದು ಆ ಕಾರ್ಖಾನೆ ಹುಟ್ಟಿದಾಗಿನಿಂದ ನಡೆದುಬಂದ ಲೆಕ್ಕ. ಬಟ್ಟೆ ಸವೆದರೆ ತೇಪೆ, ಧೂಳು ಕೂತರೆ ತೇಪೆ, ಉರುಳೆ ಅಲುಗಿದರೆ ತೇಪೆ.

“ಅಕ್ಕಾ, ಬಟ್ಟೆ ಯಾವಾಗ ಬದಲಾಯಿಸಿದ್ರಿ?”

“ಹೋದ ವಾರ ಸಾರ್. ಅದರ ಹಿಂದಿನ ವಾರಾನೂ. ಮೊನ್ನೆ ಒಳಗಿನ ಪರೀಕ್ಷೇಲಿ ನನಗೇ ಅನುಮಾನ ಬಂದು ಇನ್ನೊಂದು ಸಲ.”

“ಆದರೂ ತೇಪೆ ಬಂದಿದೆ.”

“ಬಂದಿದೆ.”

“ಹತ್ತೊಂಬತ್ತು ವರ್ಷ ಆಯ್ತು. ಕೈ ಅಂದ್ಮೇಲೆ ಸೋಲುತ್ತೆ ಅಕ್ಕಾ, ಅದರಲ್ಲಿ ನಾಚಿಕೆ ಏನಿಲ್ಲ. ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ. ಕೂತು ಮಾಡೋ ಕೆಲಸ.”

 ಮ್ಯಾನೇಜರ್ ಹೋದ ಮೇಲೆ ಉಜ್ಜಕ್ಕ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಒಂದು ಬೆರಳೂ ನಡುಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಇರಬೇಕು ಎಂದುಕೊಂಡಳು. ಆದರೆ ಜ್ವರ ಬಂದಿರುವ ಎತ್ತು ಯಾವುದೆಂದು ಅವಳಿಗೂ ತಿಳಿಯದು.

ಮನೆಗೆ ಹೋದವಳು ಚಪ್ಪಲಿ ಬಿಟ್ಟವಳೇ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳತೊಡಗಿದಳು. ಗಂಡ ಪಂಪು ರಿಪೇರಿಯ ಫಿಟ್ಟರು. ಮೂವತ್ತು ವರ್ಷ ಪೈಪುಗಳ ಜೊತೆ ಜಗಳಾಡಿ ತಾಳ್ಮೆ ಕಲಿತವನು. ಅವನು ಮೂರನೇ ತಟ್ಟೆ ಬಿದ್ದ ಸದ್ದು ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಏನಾಯ್ತೇ?”

ಅವಳು ಹೇಳಿದಳು. 

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ,” ಎಂದ ಗಂಡ.

“ನೀವೂ ಅದನ್ನೇ ಅಂತೀರೇನ್ರೀ?”

“ನಾನಂತಿಲ್ಲ. ನೀನು ಸುಮ್ಮನೆ ನನ್ನ ತಪ್ಪಿಲ್ಲ ಅಂದ್ರೆ ಅವರು ಹಾಗಂತಾರೆ. ಆದರೆ ನೋಡು, ಎಷ್ಟೋ ಸಲ ನೆಲಾನೇ ಡೊಂಕಾಗಿರುತ್ತೆ. ನಾನು ಕಂಡಿದೀನಿ. ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ. ಮಟ್ಟಗೋಲು ಇಟ್ಟು ತೋರಿಸ್ಬೇಕು.”

“ಗಾಜಿಗೆಲ್ಲಿಯ ಮಟ್ಟಗೋಲು?”

“ಅದು ನಿನಗೇ ಗೊತ್ತು. ನಾನು ಪೈಪಿನೋನು,” ಎಂದು ಅವನು ಬಿದ್ದ ತಟ್ಟೆ ಎತ್ತಿಟ್ಟು ಊಟಕ್ಕೆ ಕುಳಿತ.

ಪಾತ್ರೆ ತೊಳೆಯುವಾಗ ಅವಳಿಗೆ ಹೊಳೆಯಿತು. ತೇಪೆ ಶುರುವಾದದ್ದು ಎರಡು ತಿಂಗಳ ಈಚೆಗೆ. ಬಟ್ಟೆ ಮೂರು ಸಲ ಬದಲಾಗಿದೆ, ಗಾಜು ಬಂದದ್ದು ಅದೇ ಹಳೆಯ ಕಡೆಯಿಂದ, ಉರುಳೆ ಅದೇ, ಕೈ ಅದೇ. ಹೊಸದಾಗಿ ಬಂದದ್ದು ಒಂದೇ. ಗಾಜಿನ ನಡುವೆ ತುಂಬುವ ದ್ರವಕ್ಕೆ ಬೆರೆಸುವ ‘ಚಿಟಿಕೆ.’ ಸಾವಿರ ಪಾಲು ದ್ರವಕ್ಕೆ ಒಂದು ಪಾಲು ಬೆರೆಸುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಆ ಪದಾರ್ಥಕ್ಕೆ ಚಿಟಿಕೆ ಎಂದೇ ಹೆಸರು ಬಿದ್ದಿತ್ತು. ಹಳೆಯ ಸೀಸೆ ಮುಗಿಯುತ್ತ ಬಂದು, ಬೇರೆ ತಯಾರಕರ ಹೊಸ ಸೀಸೆ ತೆರೆದಿದ್ದರು.

ಮರುದಿನ ಬೆಳಿಗ್ಗೆ ಅವಳು ಬೆರಕೆಯ ಕೋಣೆಯ ಬಾಗಿಲು ತಟ್ಟಿದಳು. ಕೆಮಿಸ್ಟ್ ಮೇಡಂ ಮೂವತ್ತೈದರ ಆಸುಪಾಸಿನವರು, ಮಾತು ಕಡಿಮೆ, ತೂಕದ ತಟ್ಟೆಯ ಮುಂದೆ ಉಸಿರು ಬಿಗಿಹಿಡಿದು ಕೆಲಸ ಮಾಡುವ ಅಭ್ಯಾಸ. ಉಜ್ಜಕ್ಕ ವಿಷಯ ತೆಗೆದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು.

“ನನ್ನ ಬೆರಕೆ ತಪ್ಪು ಅಂತೀರಾ?”

“ಇಲ್ಲ ಮೇಡಂ. ನನ್ನ ಉಜ್ಜು ತಪ್ಪಾ ಅಂತ ಕೇಳೋಕೆ ಬಂದೆ. ಒಂದೇ ದಿನ, ಒಂದೇ ಬಟ್ಟೇಲಿ ನಾಲ್ಕು ಜೊತೆ ಗಾಜು ಉಜ್ಜಿ ಕೊಡ್ತೀನಿ. ಎರಡಕ್ಕೆ ಹಳೇ ಸೀಸೆದು ಹಾಕಿ, ಎರಡಕ್ಕೆ ಹೊಸದು. ನಾಲ್ಕರಲ್ಲೂ ತೇಪೆ ಬಂದ್ರೆ ತಪ್ಪು ನಂದೇ. ಬಾಯಿ ಮುಚ್ಕೊಂಡು ಪ್ಯಾಕಿಂಗಿಗೆ ಹೋಗ್ತೀನಿ.”

 ಮೇಡಂ ಎದ್ದು ಬೀರು ತೆರೆದು ಹಳೆಯ ಸೀಸೆಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಉಗುರಿನಷ್ಟು ಉಳಿದಿತ್ತು.

“ಸಾಕು,” ಎಂದರು.

ನಾಲ್ಕು ಕಿಟಕಿಗಳು ತಯಾರಾದ ಮೇಲೆ, ಹದಿನೈದು ದಿನದ ಬಳಕೆ ಒಂದೂವರೆ ದಿನದಲ್ಲೇ ಮುಗಿಯಲೆಂದು ಕರೆಂಟು ಹಚ್ಚಿ ಆರಿಸಿ, ಹಚ್ಚಿ ಆರಿಸಿ ಅವುಗಳಿಗೆ ವಿಶ್ರಾಂತಿಯೇ ಇಲ್ಲದಂತೆ ಮಾಡಿದರು. ಶುಕ್ರವಾರ ಮಧ್ಯಾಹ್ನ ಇಬ್ಬರೂ ಮೇಜಿನ ಮುಂದೆ ಬಗ್ಗಿ ಓರೆಗಣ್ಣಿನಿಂದ ನೋಡಿದರು. ಹಳೆಯ ಚಿಟಿಕೆ ಹಾಕಿದ ಎರಡರಲ್ಲೂ ಎಂಟು ಎಂಟಾಗಿಯೇ ಇತ್ತು, ಒರೆಸಿಟ್ಟ ಹಲಗೆಯ ಮೇಲೆ ಬರೆದಂತೆ. ಹೊಸದು ಹಾಕಿದ ಎರಡರಲ್ಲೂ ಮೋಡ ಕವಿದಿತ್ತು. ಮೋಡದ ಅಂಚಿನಲ್ಲಿ ಜೇಡರ ಬಲೆಯ ಎಳೆಯಷ್ಟು ತೆಳ್ಳಗೆ ಬೆಳ್ಳನೆಯ ಗೆರೆ.

ಉಜ್ಜಕ್ಕ ಕುರ್ಚಿಯ ಮೇಲೆ ಕುಸಿದು ಕುಳಿತಳು. ಮೂರು ದಿನಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಆದರೆ ಪಕ್ಕದಲ್ಲಿದ್ದ ಕೆಮಿಸ್ಟ್ ಮೇಡಂ ಮುಖ ನೋಡಿದರೆ ಆ ಕಲ್ಲು ಈಗ ಅಲ್ಲಿಗೆ ಹೋಗಿ ಕೂತಿತ್ತು.

“ಹೇಗೆ ಸಾಧ್ಯ?” ಎಂದರು ಮೇಡಂ. “ಬಂದ ದಿನವೇ ನಾನೇ ಪರೀಕ್ಷೆ ಮಾಡಿದೀನಿ. ಕರಗೋ ಬಿಸಿ ಅದೇ. ಶುದ್ಧತೆ ಹಳೇದಕ್ಕಿಂತ ಒಂದು ಕೈ ಮೇಲೇ ಇತ್ತು. ಅಣುವಿನ ತೂಕ ಅದೇ. ಎರಡೂ ಒಂದೇ ಪದಾರ್ಥ.”

“ಅಳಿಯ ಅಲ್ಲ, ಮಗಳ ಗಂಡ,” ಎಂದಳು ಉಜ್ಜಕ್ಕ.

ಮೇಡಂ ನಗಲಿಲ್ಲ. ‘ಒಂದು ಕೈ ಮೇಲೇ’ ಎಂದು ತಾವೇ ಆಡಿದ ಮಾತನ್ನು ಮತ್ತೊಮ್ಮೆ ಪಿಸುಗುಟ್ಟಿದರು. ಇದ್ದಕ್ಕಿದ್ದಂತೆ ಎದ್ದು ಹೋಗಿ ಕಡತ ತೆಗೆದು, ಸೀಸೆ ತರಿಸಿದಾಗಿನ ಬೇಡಿಕೆಯ ಕಾಗದ ಹುಡುಕಿದರು. ಪದಾರ್ಥದ ಉದ್ದನೆಯ ಹೆಸರು ಇತ್ತು. ಹಳೆಯ ಸೀಸೆಯ ಮೇಲೆ ಆ ಹೆಸರಿನ ಮುಂದೆ ಒಂಟಿ ಅಕ್ಷರವೊಂದು ಕೂತಿತ್ತು. ಕಾಗದದಲ್ಲಿ ಅದು ಬಿಟ್ಟುಹೋಗಿತ್ತು. ಕೆಳಗೆ ರುಜು ಹಾಕಿದ್ದು ಅವರೇ.

“ಅಕ್ಕಾ, ಕೈ ತೋರಿಸಿ,” ಎಂದರು. ಉಜ್ಜಕ್ಕ ಎರಡೂ ಕೈ ಚಾಚಿದಳು.

“ಎರಡರಲ್ಲೂ ಐದೈದು ಬೆರಳು. ಉದ್ದ ಅಷ್ಟೇ, ತೂಕ ಅಷ್ಟೇ. ಆದರೆ ಬಲಗೈ ಗವಸು ಎಡಗೈಗೆ ಹೋಗಲ್ಲ. ಕೆಲವು ಅಣುಗಳೂ ಹೀಗೇ. ಎರಡು ಥರ ಇರ್ತವೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಕರಗಿಸಿ ನೋಡಿದ್ರೂ ತೂಗಿ ನೋಡಿದ್ರೂ ವ್ಯತ್ಯಾಸ ಸಿಗಲ್ಲ. ಚಿಟಿಕೆ ಅಂಥಾದ್ದು. ಯಾವ ಕೈದು ಅಂತ ಹೇಳೋದು ಆ ಒಂಟಿ ಅಕ್ಷರವೇ. ಅದನ್ನ ಹಾಕೋದೇ ಯಾಕೆ ಹೇಳಿ? ನಡುವಿನ ಅಣುಗಳು ಕಾಲು ಸುತ್ತು ತಿರುಗಬೇಕು. ಆದರೆ ಬಲಕ್ಕೆ ತಿರುಗಿದ್ರೂ ಕಾಲು ಸುತ್ತೇ, ಎಡಕ್ಕೆ ತಿರುಗಿದ್ರೂ ಕಾಲು ಸುತ್ತೇ. ಸಾವಿರದಲ್ಲಿ ಒಂದೇ ಒಂದು ಬಲಗೈ ಅಣು ಇದ್ರೆ ಸಾಕು, ಪಕ್ಕದ್ದು ಅದನ್ನ ನೋಡಿ, ಅದರ ಪಕ್ಕದ್ದು ಇದನ್ನ ನೋಡಿ, ಇಡೀ ಗುಂಪು ಬಲಕ್ಕೆ ತಿರುಗುತ್ತೆ.”

“ಈಗ ಎಡಗೈದು ಬಂದಿದೆ ಅಂತೀರಾ?”

“ಹಾಗೆ ಅನ್ನಿಸ್ತಿದೆ. ನೀವು ಉಜ್ಜೋ ಕೋನ ಬಲಕ್ಕೆ ತಿರುಗಿ ಅನ್ನುತ್ತೆ. ನಾನು ಹಾಕಿದ ಚಿಟಿಕೆ ಎಡಕ್ಕೆ ತಿರುಗಿ ಅನ್ನುತ್ತೆ.”

“ಅತ್ತೆ ಒಂದು ಹೇಳಿ ಮಾವ ಒಂದು ಹೇಳಿದ ಮನೆ ಸೊಸೆ ಥರ ಆಯ್ತು ಅವುಗಳ ಪಾಡು.”

ಈ ಸಲ ಮೇಡಂ ನಕ್ಕರು. ಕಣ್ಣಲ್ಲಿ ಮಾತ್ರ ನೀರಿತ್ತು. “ತಪ್ಪು ನಂದು ಅಕ್ಕಾ. ಆದರೆ ಅನ್ನಿಸಿದ್ರೆ ಸಾಲದು. ಕಣ್ಣಾರೆ ನೋಡೋಣ.”

ಶನಿವಾರ ಮೇಡಂ ಎರಡು ಹನಿ ತಯಾರಿಸಿದರು. ಒಂದರಲ್ಲಿ ಹಳೆಯ ಚಿಟಿಕೆ, ಒಂದರಲ್ಲಿ ಹೊಸದು, ಎರಡನ್ನೂ ವಾಡಿಕೆಗಿಂತ ಗಟ್ಟಿಯಾಗಿ ಬೆರೆಸಿದ್ದರು. ತಿರುವು ಜೋರಾದರೆ ಸುರುಳಿಯ ಒಂದೊಂದು ಸುತ್ತೂ ಮೈಕ್ರೋಸ್ಕೋಪಿನಲ್ಲಿ ಗೆರೆಯಾಗಿ ಕಾಣುತ್ತದೆ, ಹೆಬ್ಬೆರಳಿನ ಗುರುತಿನ ಹಾಗೆ. ಒಂದು ಗಾಜಿನ ಮೇಲೆ ಎರಡೂ ಹನಿಗಳನ್ನು ಅಕ್ಕಪಕ್ಕ ಇಟ್ಟು ಮೇಲೊಂದು ತೆಳು ಗಾಜು ಮುಚ್ಚಿದರು. ಹನಿಗಳು ಮೆಲ್ಲಗೆ ಹರಡುತ್ತ ಬಂದು ನಡುವೆ ಒಂದನ್ನೊಂದು ಮುಟ್ಟಿದವು.

“ಎರಡೂ ಒಂದೇ ಕೈ ಆಗಿದ್ರೆ ಗೆರೆಗಳು ಈ ಕಡೆಯಿಂದ ಆ ಕಡೆವರೆಗೂ ನಿಲ್ಲದೆ ಹೋಗ್ತವೆ,” ಎಂದರು ಮೇಡಂ. “ಬೇರೆ ಬೇರೆ ಕೈ ಆಗಿದ್ರೆ ಕೂಡೋ ಕಡೆ ಒಂದರ ತಿರುವನ್ನ ಇನ್ನೊಂದು ಬಿಚ್ಚಿಬಿಡುತ್ತೆ. ನೀವು ನೋಡಿ. ನನಗೆ ಧೈರ್ಯ ಇಲ್ಲ.”

ಉಜ್ಜಕ್ಕ ಕಣ್ಣಿಟ್ಟಳು. ಎಡಗಡೆ ಒತ್ತೊತ್ತಾದ ಗೆರೆಗಳು, ನುಣ್ಣಗೆ ಬಾಚಿದ ಕೂದಲಿನಂತೆ. ನಡುವಿಗೆ ಬರುತ್ತ ಬರುತ್ತ ಗೆರೆಗಳ ನಡುವಿನ ಜಾಗ ಅಗಲವಾಯಿತು, ಇನ್ನೂ ಅಗಲವಾಯಿತು. ಆಮೇಲೆ ಗೆರೆಯೇ ಇಲ್ಲದ ಒಂದು ಪಟ್ಟೆ, ಗಾಳಿ ನಿಂತ ಕೆರೆಯ ನೀರಿನಷ್ಟು ನಿಶ್ಚಲ. ಅದರಾಚೆ ಮತ್ತೆ ಗೆರೆಗಳು ಕಾಣಿಸಿಕೊಂಡು, ಹತ್ತಿರ ಹತ್ತಿರವಾಗುತ್ತ ಬಲಗಡೆಯ ಅಂಚು ಸೇರಿದ್ದವು. ಹತ್ತೊಂಬತ್ತು ವರ್ಷ ತಾನು ದಿಕ್ಕು ತೋರಿಸುತ್ತ ಬಂದಿದ್ದ ಈ ಕಣ್ಣಿಗೆ ಕಾಣದ ಸೈನ್ಯವನ್ನು ಅವಳು ಮುಖಾಮುಖಿ ನೋಡಿದ್ದು ಅದೇ ಮೊದಲು. 

“ನಡುವೆ ಖಾಲಿ ಪಟ್ಟೆ ಇದೆ ಮೇಡಂ,” ಎಂದಳು. “ಎರಡೂ ಅಲ್ಲಿ ಕೈ ಕೈ ಹಿಡಿದು ನಿಂತುಬಿಟ್ಟಿವೆ.”

ಅಂದೇ ಇಬ್ಬರೂ ಮ್ಯಾನೇಜರ ಕೋಣೆಗೆ ಹೋದರು. ಕೆಮಿಸ್ಟ್ ಮೇಡಂ ಒಂದನ್ನೂ ಮುಚ್ಚಿಡದೆ, ಅಕ್ಷರ ಬಿಟ್ಟದ್ದು ತಾವೇ ಎಂದು ಮೊದಲ ವಾಕ್ಯದಲ್ಲೇ ಹೇಳಿದರು. ಮ್ಯಾನೇಜರ್ ಪೆನ್ನು ಒತ್ತುವುದನ್ನು ನಿಲ್ಲಿಸಿ ಕೇಳಿದರು. ಕೊನೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಬಲಗೈದು ತರಿಸೋಕೆ ಎಷ್ಟು ದಿನ?”

“ಆರು ವಾರ.”

“ನಮಗಿರೋದು ಆರು ದಿನ.” ಅವರು ಕಿಟಕಿಯಾಚೆ ನೋಡಿದರು. “ಅಂದ್ರೆ ಮುಗೀತು.”

“ಸಾರ್,” ಎಂದಳು ಉಜ್ಜಕ್ಕ, “ಅತ್ತೆ ಮಾವ ಇಬ್ಬರಲ್ಲಿ ಒಬ್ಬರು ಮಾತು ಬದಲಾಯಿಸಿದ್ರೆ ಸಾಕಲ್ವಾ? ಸೀಸೆ ಬದಲಾಗಲ್ಲ. ನಾನು ಉಜ್ಜೋ ದಿಕ್ಕು ಬದಲಾಯಿಸ್ತೀನಿ. ಅವು ಎಡಕ್ಕೇ ತಿರುಗಲಿ ಬಿಡಿ.”

ಮ್ಯಾನೇಜರ್, ಕೆಮಿಸ್ಟ್ ಮೇಡಂ ಕಡೆ ತಿರುಗಿದರು. ಮೇಡಂ ಉಜ್ಜಕ್ಕನ ಮುಖ ನೋಡಿದರು. “ಆಗುತ್ತೆ,” ಎಂದರು ನಿಧಾನವಾಗಿ. “ಆಗಬೇಕು.”

ಭಾನುವಾರ ರಜೆ. ಆದರೂ ಮೂವರೂ ಬಂದರು. ಉಜ್ಜಕ್ಕ ಕೆಳಗಿನ ಗಾಜನ್ನು ಎಂದಿನಂತೆ ಉಜ್ಜಿ, ಮೇಲಿನ ಗಾಜನ್ನು ತಲೆಕೆಳಗು ಮಾಡಿ ಎದುರು ದಿಕ್ಕಿನಿಂದ ಉಜ್ಜಿದಳು. ಹೊಸ ಚಿಟಿಕೆಯ ದ್ರವ ತುಂಬಿ ಹತ್ತು ಕಿಟಕಿ ಮಾಡಿದರು. ಸೋಮವಾರ ಸಂಜೆಯವರೆಗೆ ಹಚ್ಚಿ ಆರಿಸಿ ನೋಡಿದರೆ ಒಂದರಲ್ಲೂ ತೇಪೆಯಿಲ್ಲ. ಮ್ಯಾನೇಜರ್ ಚಹಾ ತರಿಸಿದರು. ಅಷ್ಟರಲ್ಲಿ ಮೇಡಂ ಒಂದು ಕಿಟಕಿಯನ್ನು ತೂಕದ ಯಂತ್ರಕ್ಕೆ ಕೂರಿಸಿ, ನರ್ಸು ನಿಲ್ಲುವ ಜಾಗದಲ್ಲಿ ನಿಂತು ನೋಡಿದರು. ಅಂಕಿ ಪೇಲವವಾಗಿತ್ತು. ಬಲಗಡೆಗೆ ಸರಿದು ಗೋಡೆಯ ಪಕ್ಕ ಹೋಗಿ ನೋಡಿದರೆ ಕಡುಕಪ್ಪು.

“ಚೆನ್ನಾಗಿ ಕಾಣೋ ದಿಕ್ಕು ಪಕ್ಕಕ್ಕೆ ಸರಿದುಬಿಟ್ಟಿದೆ,” ಎಂದರು.

“ನರ್ಸು ಗೋಡೆ ಒಳಗೆ ನಿಂತು ನೋಡ್ಬೇಕಾ ಹಾಗಾದ್ರೆ?” ಎಂದರು ಮ್ಯಾನೇಜರ್.  ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಹಾ ಲೋಟಗಳಲ್ಲೇ ಆರಿತು.

ಕೆಲಸ ಬಿಡುವ ಹೊತ್ತಿಗೆ ಉಜ್ಜಕ್ಕ ಕೈ ತೊಳೆಯಲು ಹೋದಳು. ತೊಟ್ಟಿಯ ಮೇಲೆ ಉದ್ದನೆಯ ಕನ್ನಡಿ. ಸಾಬೂನು ನೊರೆಯ ಕೈಯನ್ನು ನೀರಿಗೊಡ್ಡಿ ತಲೆಯೆತ್ತಿದಾಗ ಅವಳ ಕಣ್ಣು ತನ್ನ ಕೋಟಿನ ಮೇಲುಜೇಬಿನ ಮೇಲೆ ಬಿತ್ತು. ಉಜ್ಜುವ ಕೋನದ ಚೀಟಿ ಅಲ್ಲಿ ಇಣುಕುತ್ತಿತ್ತು. ಯಂತ್ರದ ತಟ್ಟೆಯನ್ನು ಎಷ್ಟು ಓರೆ ಇಡಬೇಕೆಂದು ತೋರಿಸುವ ಎರಡು ಬಾಣಗಳ ಚಿತ್ರ: ಕೆಳಗಾಜಿಗೆ ನೀಲಿ ಬಾಣ, ಮೇಲ್ಗಾಜಿಗೆ ಕೆಂಪು ಬಾಣ. ಕನ್ನಡಿಯಲ್ಲಿ ಅವೆರಡೂ ಮಗ್ಗುಲು ಬದಲಿಸಿದ್ದವು. ಎಡಕ್ಕೆ ಓರೆಯಾಗಿದ್ದ ನೀಲಿ ಬಲಕ್ಕೆ, ಬಲಕ್ಕೆ ಓರೆಯಾಗಿದ್ದ ಕೆಂಪು ಎಡಕ್ಕೆ. ಆದರೆ ಎರಡೂ ಬಾಣ ಕೆಳಮುಖವಾಗಿಯೇ ಇದ್ದವು, ನರ್ಸು ನಿಲ್ಲುವ ಕಡೆಗೆ.

ನಲ್ಲಿ ಸುರಿಯುತ್ತಲೇ ಇತ್ತು. ಉಜ್ಜಕ್ಕ ಚೀಟಿಯನ್ನು ಒದ್ದೆ ಕೈಯಲ್ಲೇ ಹೊರಗೆಳೆದು ಕನ್ನಡಿಗೆ ಹಿಡಿದಳು. ಚಿಟಿಕೆ ಕನ್ನಡಿ ಬಿಂಬ ಅಂದಿದ್ದರು ಮೇಡಂ. ಸೀಸೆ ಕನ್ನಡಿಯೊಳಗೆ ಹೋಗಿ ಕೂತಿದ್ದರೆ ಗಾಜೂ ಕನ್ನಡಿಯೊಳಗೇ ಹೋಗಬೇಕು. ಒಂದು ಗಾಜಲ್ಲ, ಎರಡೂ. ತಾನು ಒಂದನ್ನು ಮಾತ್ರ ಬದಲಿಸಿ ಅರ್ಧ ದಾರಿಯಲ್ಲಿ ನಿಂತಿದ್ದಳು.

ಅವಳು ಅಲ್ಲೇ ಗೋಡೆಗೊರಗಿ, ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆಯೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಳು. ಪಕ್ಕದ ತೊಟ್ಟಿಯಲ್ಲಿ ಮುಖ ತೊಳೆಯುತ್ತಿದ್ದ ಪ್ಯಾಕಿಂಗಿನವಳು, “ಉಜ್ಜಕ್ಕ, ನೀರು,” ಎಂದು ನಲ್ಲಿ ತಿರುಗಿಸಿದಳು.

ಬೆರಕೆಯ ಕೋಣೆಯ ದೀಪ ಆರಿಸಿ ಹೊರಡುತ್ತಿದ್ದ ಕೆಮಿಸ್ಟ್ ಮೇಡಂ ಚೀಟಿ ನೋಡಿದರು. ತಿರುಗಿಸಿ ನೋಡಿದರು. ಪೆನ್ಸಿಲಿನಿಂದ ಮೂಲೆಯಲ್ಲಿ ಏನೋ ಲೆಕ್ಕ ಹಾಕಿ, ಅಡಿಗೆರೆ ಎಳೆದರು.

“ಅಕ್ಕಾ,” ಎಂದರು, “ನಾನು ಇದನ್ನ ಚಹಾ ಆರಿದಾಗಿನಿಂದ ಪುಸ್ತಕ ಇಟ್ಕೊಂಡು ಹುಡುಕ್ತಿದ್ದೆ.”

“ನಾನು ಕೈ ತೊಳ್ಕೊಳ್ತಿದ್ದೆ ಮೇಡಂ.”

ಮಂಗಳವಾರ ಬೆಳಿಗ್ಗೆ ಅವಳು ಯಂತ್ರದ ತಟ್ಟೆಯ ತಿರುಪು ಸಡಿಲಿಸಿದಳು. ಹತ್ತೊಂಬತ್ತು ವರ್ಷ ಒಂದೇ ಕಡೆ ನಿಂತಿದ್ದ ಮುಳ್ಳು ಮೊದಲ ಸಲ ಆಚೆ ಮಗ್ಗುಲಿಗೆ ಹೊರಳಿತು. ಕೈಗೆ ಅದು ಸುಲಭವಾಗಿರಲಿಲ್ಲ. ಪ್ರತಿ ಗಾಜು ಇಡುವಾಗಲೂ ಬೆರಳು ಹಳೆಯ ಮೂಲೆಯನ್ನೇ ಹುಡುಕುತ್ತಿತ್ತು, ಎಡಗೈಯಲ್ಲಿ ಬರೆಯಲು ಕೂತವರ ಪಾಡು. ಮೊದಲ ನಾಲ್ಕು ಗಾಜನ್ನು ಅವಳೇ ಪಕ್ಕಕ್ಕೆಸೆದಳು. ಐದನೆಯದರಿಂದ ಕೈ ಕೇಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಜೊತೆ ತಯಾರು.

ಬುಧವಾರ ಸಂಜೆ ಮೂವರೂ ಯಂತ್ರದ ಸುತ್ತ ನಿಂತರು. ಮ್ಯಾನೇಜರೇ ಗುಂಡಿ ಒತ್ತಿದರು. ನೆಟ್ಟಗೆ ನೋಡಿದರು, ಕಪ್ಪು. ಒಂದು ಹೆಜ್ಜೆ ಹಿಂದೆ ಸರಿದು ನರ್ಸಿನಂತೆ ಓರೆಯಾಗಿ ನೋಡಿದರು, ಕಪ್ಪು. ಕುರ್ಚಿಯಲ್ಲಿ ಕೂತು ನೋಡಿದರು. ಐವತ್ತೆಂಟರ ಮನುಷ್ಯ, ಕಡೆಗೆ ಮೊಣಕಾಲೂರಿ ಕೂಡ ನೋಡಿದರು. ಎಂಟು ಎಂಟೇ. ಮೋಡವಿಲ್ಲ, ಎಳೆಯಿಲ್ಲ, ಪೇಲವತೆಯಿಲ್ಲ. ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಬಾಗಿಲು ತೆರೆದು ಕೋಣೆಯಾಚೆ ಕೂಗಿದರು: “ಎರಡೂ ಪಾಳಿಯವರನ್ನ ಕರೀರಿ. ಲೈನ್ ಶುರು ಮಾಡಿ.”

ಕಾರ್ಖಾನೆ ಎರಡು ದಿನ ಉಸಿರು ಬಿಡದೆ ದುಡಿಯಿತು. ಉಜ್ಜಕ್ಕ ಉರುಳೆಯ ಮುಂದಿನಿಂದ ಊಟಕ್ಕೆ ಬಿಟ್ಟರೆ ಏಳಲಿಲ್ಲ. ಗಂಡ ಮಧ್ಯಾಹ್ನದ ಬುತ್ತಿಯನ್ನು ತಾನೇ ತಂದು ಗೇಟಿನಲ್ಲಿ ಕೊಟ್ಟು, “ನೆಲ ಡೊಂಕಾಗಿತ್ತಂತೆ?” ಎಂದು ಕಾವಲುಗಾರನ ಮುಂದೆ ಬೇಕೆಂದೇ ಗಟ್ಟಿಯಾಗಿ ಕೇಳಿದ.

“ನೆಲ ಸರಿಯಾಗೇ ಇತ್ತು ಕಣ್ರೀ, ಬರೀ ಎಡಚ. ನಾವೇ ಬಲಗಾಲಲ್ಲಿ ಕುಣೀತಿದ್ವಿ,” ಎಂದಳು ಅವಳು. ಕಾವಲುಗಾರನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ.

ಹತ್ತನೇ ದಿನ ತೂಕದ ಯಂತ್ರದ ಕಂಪನಿಯಿಂದ ತಪಾಸಣೆಗೆ ಬಂದವರು ಒಬ್ಬರು ನರ್ಸಮ್ಮ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು, ಗಟ್ಟಿ ಗಂಟಲಿನ ಹೆಂಗಸು. ಅಂಗಳದಲ್ಲಿ ಮೇಜು ಹಾಕಿ ಹೊಸ ಕಿಟಕಿ ಕೂರಿಸಿದ ಯಂತ್ರ ಇಟ್ಟರು. ಮ್ಯಾನೇಜರ್ ಕಬ್ಬಿಣದ ತೂಕದ ಬಟ್ಟು ತರಿಸಿದರೆ ಅವರು ತಲೆಯಲ್ಲಾಡಿಸಿದರು.

“ಬಟ್ಟು ಸುಮ್ಮನೆ ಕೂರುತ್ತೆ ಸಾರ್, ಮಗು ಕೂರಲ್ಲ. ನಾವು ಒಂದು ಕೈಯಲ್ಲಿ ಮಗು ಹಿಡ್ಕೊಂಡು, ಕತ್ತು ಹೊರಳಿಸಿ ಎಲ್ಲಿಂದ ಕಂಡರೆ ಅಲ್ಲಿಂದ ಓದ್ಕೋಬೇಕು. ಒದ್ದಾಡೋದು ಏನಾದ್ರೂ ತನ್ನಿ.”

ಅಂಗಳದಲ್ಲಿ ಒದ್ದಾಡುವಂಥದ್ದು ಇದ್ದದ್ದು ಒಂದೇ, ಕಾವಲುಗಾರನ ಬೆಕ್ಕು. ಅದನ್ನು ಹಿಡಿದು ತರಲು ನಾಲ್ಕು ಜನ ಬೇಕಾದರು. ನರ್ಸಮ್ಮ ಅದರ ಕತ್ತಿನ ಹಿಂದೆ ಒಂದೇ ಪಟ್ಟು ಹಾಕಿ ತಟ್ಟೆಯಲ್ಲಿ ಕೂರಿಸಿದರು. ಬೆಕ್ಕು ಕಾಲು ಝಾಡಿಸಿತು, ಅಂಕಿಗಳು ಕುಣಿದವು, ನಿಂತವು. ನರ್ಸಮ್ಮ ನಿಂತು ಓದಿದರು, ಬಗ್ಗಿ ಓದಿದರು, ಎಡ ಭುಜದ ಮೇಲಿಂದ ಓದಿದರು, ಬಲ ಭುಜದ ಮೇಲಿಂದ ಓದಿದರು.

“ನಾಲ್ಕು ಕಿಲೋ ನೂರ ಅರವತ್ತು,” ಎಂದು ಸಾರಿದರು. “ಮಗು ಆರೋಗ್ಯವಾಗಿದೆ.” ಅಂಗಳದ ತುಂಬ ನಗು ಎದ್ದಿತು. ಅವರು ಬೆಕ್ಕನ್ನು ಬಿಟ್ಟು, ಯಂತ್ರದ ಮುಖದ ಮೇಲೆ ಬೆರಳಾಡಿಸಿದರು. “ಇದನ್ನ ಪಕ್ಕದ ಮಂಚದಲ್ಲಿ ಮಲಗಿರೋ ತಾಯೀನೂ ಓದ್ಕೋಬಹುದು. ಯಾರು ಸರಿ ಮಾಡಿದ್ದು?”

ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡರು. ಎರಡು ಪಾಳಿಯ ಎಲ್ಲರೂ ಅಲ್ಲಿದ್ದರು. “ನಮ್ಮ ಉಜ್ಜಕ್ಕ,” ಎಂದರು. “ಕೆಮಿಸ್ಟ್ ಮೇಡಂ ಜೊತೆ ಸೇರಿ. ಇವರನ್ನ ನಾನು ಪ್ಯಾಕಿಂಗಿಗೆ ಕಳಿಸ್ತಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತಲ್ಲ, ಹಾಗೆ ಮಾಡಿದೆ. ತಪ್ಪಾಯ್ತು.”

“ಎತ್ತು ನಾನೇ,” ಎಂದರು ಕೆಮಿಸ್ಟ್ ಮೇಡಂ ಮೆಲ್ಲಗೆ.

“ಹಾಗಾದ್ರೆ ಎಮ್ಮೆ ಅಂದಿದ್ದು ನನಗೇ ಸಾರ್?” ಎಂದಳು ಉಜ್ಜಕ್ಕ.

ಮ್ಯಾನೇಜರ ಕಿವಿ ಕೆಂಪಾಯಿತು. ಮೊದಲು ನಕ್ಕವರು ನರ್ಸಮ್ಮ, ಆಮೇಲೆ ಇಡೀ ಅಂಗಳ. ಆ ನಗುವಿನ ನಡುವೆ ಯಾರೋ ಚಪ್ಪಾಳೆ ತಟ್ಟಿದರು. ಅದು ಒಬ್ಬರಿಂದ ಒಬ್ಬರಿಗೆ ದಾಟಿ, ಗೇಟಿನವರೆಗೂ ಹೋಗಿ, ಮತ್ತೆ ಅವಳ ಬಳಿಗೇ ಬಂತು. ಉಜ್ಜಕ್ಕ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದಳು. ಆಮೇಲೆ, ಇಷ್ಟಕ್ಕೂ ನಾನ್ಯಾಕೆ ನೆಲ ನೋಡಬೇಕು ಎಂದುಕೊಂಡು ತಲೆಯೆತ್ತಿದಳು.

ಆರು ವಾರಕ್ಕೆ ಬಲಗೈ ಚಿಟಿಕೆಯ ಸೀಸೆ ಬಂತು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಹೊಸ ನಿಯಮ ಬಂದಿತ್ತು: ಯಾವ ಸೀಸೆಯೇ ಬರಲಿ, ಅದರ ಮೇಲೆ ಏನೇ ಬರೆದಿರಲಿ, ಎರಡು ಹನಿ ಕೂಡಿಸಿ ನೋಡದೆ ಬೆರಕೆಗೆ ಇಳಿಸುವಂತಿಲ್ಲ. ಆ ಕೆಲಸ ಉಜ್ಜಕ್ಕನದು. ಅವಳು ಬೇಡವೆಂದಿದ್ದಳು. “ನಿಮ್ಮ ಕಣ್ಣಿಗೆ ಕಂಡದ್ದನ್ನ ನೀವು ಹೇಳ್ತೀರಿ. ನನಗೆ ಬೇಕಾಗಿರೋದು ಅಷ್ಟೇ,” ಎಂದು ಕೆಮಿಸ್ಟ್ ಮೇಡಂ ಬಿಟ್ಟಿರಲಿಲ್ಲ.

ಅವಳು ತಾನೇ ಹಳೆಯ ಸೀಸೆಯ ಉಳಿಕೆಯದೊಂದು, ಹೊಸದರದೊಂದು ಹನಿ ಇಟ್ಟು, ಗಾಜು ಮುಚ್ಚಿ, ಅವು ಹರಡಿ ಕೂಡುವವರೆಗೆ ಕಾದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡವಳಂತೆ ನೋಡಿದಳು. ಗೆರೆಗಳು ಎಡ ಅಂಚಿನಿಂದ ಹೊರಟು, ನಡುವಿನ ಗಡಿ ಎಲ್ಲಿದೆಯೆಂದೇ ಗೊತ್ತಾಗದಂತೆ ದಾಟಿ, ಬಲ ಅಂಚಿನವರೆಗೆ ಒಂದೇ ಸಮ ಹರಿದಿದ್ದವು.

“ಒಂದೇ ಕೈ ಮೇಡಂ,” ಎಂದಳು. “ಹಾಕಿ. ನಾನು ತಟ್ಟೆ ಹಳೇ ಮಗ್ಗುಲಿಗೆ ತಿರುಗಿಸ್ತೀನಿ.”

ಕೆಮಿಸ್ಟ್ ಮೇಡಂ ತಾವಾಗಿ ಬಗ್ಗಿ ನೋಡಲಿಲ್ಲ. ಸೀಸೆಯ ಮುಚ್ಚಳ ತಿರುಗಿಸಿ, ಅಳತೆಯ ಚಮಚ ತೆಗೆದುಕೊಂಡು ತಕ್ಕಡಿಯ ಮುಂದೆ ಕೂತರು.